ಕ್ಷುದ್ರಗ್ರಹಕ್ಕೆ ನಮ್ಮ ಕಡೆಯ ಹೆಸರು ಇಡಬೇಕಂದ್ರೆ ಏನೇನು ಮಾಡಬೇಕು

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಕ್ಷುದ್ರಗ್ರಹ ಅಂದರೆ ಸೂರ್ಯನನ್ನು ಸುತ್ತುವ ಸಣ್ಣ ಕಲ್ಲಿನಂಥ ಕಾಯ, ಅದರ ಹೆಸರು ಮಾರಾಟಕ್ಕಿಲ್ಲ. ಹುಟ್ಟುಹಬ್ಬದ ಉಡುಗೊರೆ ಅಂತ ನೆಟ್ಟಿನಲ್ಲಿ ನಕ್ಷತ್ರದ ಹೆಸರು ಮಾರುತ್ತಾರಲ್ಲ, ಆ ಸರ್ಟಿಫಿಕೇಟಿಗೆ ಖಗೋಳ ವಿಜ್ಞಾನಿಗಳ ಹತ್ತಿರ ಕವಡೆ ಕಿಮ್ಮತ್ತಿಲ್ಲ. ಹೆಸರು ಒಪ್ಪುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಒಂದು ಸಮಿತಿ. ಅದು ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಆದರೆ ಹೆಸರು ಸೂಚಿಸುವ ಹಕ್ಕು ಮೊದಲು ಸಿಗುವುದು ಕಂಡುಹಿಡಿದವರಿಗೆ. ಹಾಗಾಗಿ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲೇ ಇರಿ, ನಮ್ಮವರೊಬ್ಬರ ಹೆಸರು ಆಕಾಶದಲ್ಲಿ ಇರಬೇಕು ಅಂತ ಆಸೆ ಇದ್ದರೆ ಮೊದಲು ಒಂದು ಕ್ಷುದ್ರಗ್ರಹ ಹುಡುಕಬೇಕು. ಇದು ಆಗುವ ಕೆಲಸ, ಅದಕ್ಕೇ ಬರೆಯುತ್ತಿದ್ದೇನೆ.

ಟೆಲಿಸ್ಕೋಪ್ ಬೇಡ. ಕತ್ತಲೆ ಬೇಕು ಅಂತ ಕಪ್ಪತಗುಡ್ಡ ಹತ್ತಬೇಕಾಗಿಯೂ ಇಲ್ಲ. ಇಂಟರ್‌ನ್ಯಾಷನಲ್ ಆಸ್ಟ್ರನಾಮಿಕಲ್ ಸರ್ಚ್ ಕೊಲಾಬರೇಷನ್ ಅಂತ ಅಮೆರಿಕದಿಂದ ನಡೆಯುವ ಒಂದು ಕಾರ್ಯಕ್ರಮ ಇದೆ. ಶಾಲೆ ಕಾಲೇಜಿನ ತಂಡಗಳಿಗೆ ಅವರು ಪುಕ್ಕಟೆಯಾಗಿ ದೊಡ್ಡ ಟೆಲಿಸ್ಕೋಪಿನ ಚಿತ್ರಗಳನ್ನು ಕಳಿಸುತ್ತಾರೆ. ಇವು ಹೆಚ್ಚಾಗಿ ಹವಾಯಿ ದ್ವೀಪದ ಪ್ಯಾನ್-ಸ್ಟಾರ್ಸ್ ಟೆಲಿಸ್ಕೋಪಿನವು. ನಮ್ಮ ದೇಶದ ಎಷ್ಟೋ ತಂಡಗಳು ಇದರಲ್ಲಿ ಕೆಲಸ ಮಾಡಿವೆ. ಒಬ್ಬ ಆಸಕ್ತಿ ಇರುವ ಮಾಸ್ತರು ಅಥವಾ ಟೀಚರು, ನಾಲ್ಕೈದು ಹುಡುಗ ಹುಡುಗಿಯರು, ವಿಂಡೋಸ್ ಇರುವ ಒಂದು ಕಂಪ್ಯೂಟರು, ಇಷ್ಟಿದ್ದರೆ ತಂಡ ಆಯಿತು.

ಕೆಲಸ ಹೀಗೆ. ಆಕಾಶದ ಒಂದೇ ಜಾಗವನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆದ ನಾಲ್ಕು ಚಿತ್ರಗಳು ಬರುತ್ತವೆ. ಆಸ್ಟ್ರೋಮೆಟ್ರಿಕಾ ಅನ್ನುವ ಸಾಫ್ಟ್‌ವೇರಿಗೆ ಹಾಕಿದರೆ ನಾಲ್ಕೂ ಒಂದರ ಹಿಂದೊಂದು ಮಿಣುಕುತ್ತಾ ಹೋಗುತ್ತವೆ. ನಕ್ಷತ್ರಗಳು ಅಲ್ಲಾಡುವುದಿಲ್ಲ. ಅವುಗಳ ನಡುವೆ ಒಂದು ಮಸುಕು ಚುಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಸರಿದರೆ, ಅಲ್ಲಿ ನಿಲ್ಲಿಸಿ ನೋಡಿ. ನಾಲ್ಕೂ ಚಿತ್ರದಲ್ಲಿ ಅದು ನೇರ ಗೆರೆಯಲ್ಲಿ, ಒಂದೇ ವೇಗದಲ್ಲಿ ಹೋಗುತ್ತಿರಬೇಕು. ಚುಕ್ಕೆ ದುಂಡಗೆ ಇರಬೇಕು, ಬೆಳಕು ಹೆಚ್ಚುಕಮ್ಮಿ ಅಷ್ಟೇ ಇರಬೇಕು. ಒಂದೇ ಚಿತ್ರದಲ್ಲಿ ಫಳಕ್ಕನೆ ಕಂಡು ಮಾಯವಾದರೆ ಅದು ಕ್ಯಾಮೆರಾದಿಂದ ಮೂಡಿದ ಹುಸಿ ಚುಕ್ಕೆ, ಬಿಟ್ಟುಬಿಡಿ. ಈಗಾಗಲೇ ಗೊತ್ತಿರುವ ಕ್ಷುದ್ರಗ್ರಹಗಳನ್ನು ಸಾಫ್ಟ್‌ವೇರೇ ಗುರುತು ಹಾಕಿ ತೋರಿಸುತ್ತದೆ. ಗುರುತಿಲ್ಲದೆ ಸರಿಯುವ ಚುಕ್ಕೆ ಸಿಕ್ಕರೆ ಅಳತೆ ತೆಗೆದು ವರದಿ ಕಳಿಸಿ. ಇಲ್ಲಿ ಅವಸರ ಮಾಡಬೇಡಿ. ಹುಡುಗರಿಗೆ ಹುರುಪು ಜಾಸ್ತಿ, ಕಂಡದ್ದೆಲ್ಲ ಹೊಸದು ಅನ್ನಿಸುತ್ತದೆ. ಇಬ್ಬರು ಬೇರೆ ಬೇರೆಯಾಗಿ ನೋಡಿ ಹೌದು ಅಂದರೆ ಮಾತ್ರ ಕಳಿಸುವುದು ಒಳ್ಳೆಯದು.

ಬೇರೊಂದು ರಾತ್ರಿಯೂ ಅದೇ ಕಾಯ ಕಂಡರೆ ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರ್ ಒಂದು ತಾತ್ಕಾಲಿಕ ಗುರುತು ಕೊಡುತ್ತದೆ. ಪೇಪರಿನಲ್ಲಿ ಓದುವ 2024 ವೈಆರ್4 ಥರದವು ಇವೇ. ಓದಲು ಕಲಿತರೆ ಬಹಳ ಸಲೀಸು. ಮೊದಲು ವರ್ಷ. ಆಮೇಲಿನ ಅಕ್ಷರ ಅರ್ಧ ತಿಂಗಳನ್ನು ಹೇಳುತ್ತದೆ: ಎ ಅಂದರೆ ಜನವರಿ 1ರಿಂದ 15, ಬಿ ಅಂದರೆ ಉಳಿದ ಜನವರಿ, ಹೀಗೇ ಹೋಗಿ ವೈ ಅಂದರೆ ಡಿಸೆಂಬರ್ 16ರಿಂದ 31. ನಡುವೆ ಐ ಅಕ್ಷರ ಬಿಡುತ್ತಾರೆ. ಎರಡನೇ ಅಕ್ಷರ ಆ ಅರ್ಧ ತಿಂಗಳಲ್ಲಿ ಎಷ್ಟನೆಯದು ಅಂತ. ಅಲ್ಲಿಯೂ ಐ ಇಲ್ಲ, ಹಾಗಾಗಿ ಒಂದು ಸುತ್ತಿಗೆ 25. ಕೊನೆಯ ಅಂಕಿ ಎಷ್ಟು ಸುತ್ತು ಮುಗಿದವು ಅನ್ನುವುದು. ಆರ್ ಅಂದರೆ 17, ಅದಕ್ಕೆ ನಾಲ್ಕು ಸುತ್ತಿನ 100 ಸೇರಿಸಿ. 2024ರ ಡಿಸೆಂಬರ್ ಕೊನೆಯ ಅರ್ಧದಲ್ಲಿ ಗುರುತು ಪಡೆದ 117ನೆಯದು, ಅಷ್ಟೇ. ಇನ್ನೊಂದು ನೀವೇ ಮಾಡಿ ನೋಡಿ: 2004 ಎಂಎನ್4. ಜೂನ್ ಕೊನೆಯ ಅರ್ಧ, 113ನೆಯದು ಅಂತ ಬರಬೇಕು. 2029ರ ಏಪ್ರಿಲ್ 13ಕ್ಕೆ ಭೂಮಿಯ ಹತ್ತಿರ ಹಾದುಹೋಗುವ ಅಪೋಫಿಸ್ ಇದೇ.

ಆಮೇಲೆ ಕಾಯುವುದು. ಅದರ ಕಕ್ಷೆ ಗಟ್ಟಿಯಾಗಿ ಗೊತ್ತಾಗುವವರೆಗೆ, ಅಂದರೆ ಸಾಮಾನ್ಯವಾಗಿ ಹಲವು ವರ್ಷ, ಬೇರೆ ಬೇರೆ ಕಡೆಯವರು ಅದನ್ನು ಮತ್ತೆ ಮತ್ತೆ ನೋಡಬೇಕು. ಆಗ ಕಾಯಂ ಸಂಖ್ಯೆ ಸಿಗುತ್ತದೆ. ಎಂಟನೇ ಕ್ಲಾಸಿನಲ್ಲಿ ಚುಕ್ಕೆ ಕಂಡ ಹುಡುಗಿ ಡಿಗ್ರಿ ಮುಗಿಸಿರಬಹುದು. ಅದಕ್ಕೇ ತಂಡದವರ ಹೆಸರು, ವರದಿ, ತಾರೀಕು ಎಲ್ಲ ಶಾಲೆಯ ಫೈಲಿನಲ್ಲಿ ಜೋಪಾನವಾಗಿ ಇಡಿ. ಸಂಖ್ಯೆ ಸಿಕ್ಕ ಮೇಲೆ ಹೆಸರು ಸೂಚಿಸಲು 10 ವರ್ಷ ಟೈಮ್ ಇರುತ್ತದೆ. ಗೊತ್ತಿರುವ ಕ್ಷುದ್ರಗ್ರಹಗಳು 14 ಲಕ್ಷಕ್ಕೂ ಜಾಸ್ತಿ ಇವೆ, ಹೆಸರು ಪಡೆದವು ಸುಮಾರು 25 ಸಾವಿರ ಮಾತ್ರ. ಹೆಸರಿಗೆ ಜಾಗ ಬೇಕಾದಷ್ಟಿದೆ.

ಈಗ ಹೆಸರಿನ ನಿಯಮಗಳು. ಇಂಗ್ಲಿಷ್ ಲಿಪಿಯಲ್ಲಿ 16 ಅಕ್ಷರ ಮೀರಬಾರದು, ಆದಷ್ಟು ಒಂದೇ ಪದ ಇರಬೇಕು. ಧಾರವಾಡದವರಿಗೆ ಮೊದಲು ನೆನಪಾಗುವುದು ಬೇಂದ್ರೆ ಅಜ್ಜ ಅಲ್ವಾ? ಅಂಬಿಕಾತನಯದತ್ತ ಅಂತ ಬರೆದು ಎಣಿಸಿ, 17 ಆಗುತ್ತದೆ, ಒಂದೇ ಅಕ್ಷರಕ್ಕೆ ಹೋಯಿತು! ಬೇಂದ್ರೆ ಅಂತಲೇ ಇಡಬೇಕು. ಮಲ್ಲಿಕಾರ್ಜುನ ಮನ್ಸೂರ ಅನ್ನುವುದನ್ನು ಮಲ್ಲಿಕಾರ್ಜುನ್ ಅಂತ ಮೊಟಕು ಮಾಡಿ ಕೂಡಿಸಿ ಬರೆದರೂ 17. ಗಂಗೂಬಾಯಿ ಹಾನಗಲ್ ಕೂಡಿಸಿ ಬರೆದರೆ 14, ಆರಾಮಾಗಿ ಹಿಡಿಯುತ್ತದೆ. ಗದುಗಿನವರಿಗೆ ಕುಮಾರವ್ಯಾಸ, ಬರೀ 11.

ರಾಜಕೀಯ ಮತ್ತು ಸೈನ್ಯದ ವ್ಯಕ್ತಿಗಳಾದರೆ ತೀರಿಕೊಂಡು 100 ವರ್ಷ ಆಗಿರಬೇಕು. 1829ರಲ್ಲಿ ತೀರಿಕೊಂಡ ಕಿತ್ತೂರು ಚೆನ್ನಮ್ಮನಿಗೆ ಅಡ್ಡಿ ಇಲ್ಲ. ಹಾವೇರಿಯ ಮೈಲಾರ ಮಹಾದೇವಪ್ಪ 1943ರಲ್ಲಿ ಹೊಸರಿತ್ತಿಯಲ್ಲಿ ಹುತಾತ್ಮರಾದವರು, ಅವರ ಹೆಸರಿಗೆ 2043ರವರೆಗೆ ಕಾಯಬೇಕು. ಕಂಪನಿ, ಅಂಗಡಿಯ ಜಾಹೀರಾತು ನಡೆಯುವುದಿಲ್ಲ. ಸಾಕುಪ್ರಾಣಿಗಳ ಹೆಸರೂ ಬೇಡ ಅನ್ನುತ್ತಾರೆ. 1971ರಲ್ಲಿ ಸಿಕ್ಕ 2309ನೆಯದಕ್ಕೆ ಕಂಡುಹಿಡಿದವರು ತಮ್ಮ ಬೆಕ್ಕಿನ ಹೆಸರು ಇಟ್ಟಿದ್ದರು, ಆಮೇಲೆ ಬಿಗಿ ಮಾಡಿದರು. ಇನ್ನೊಂದು ವಿಷಯ, ಭೂಮಿಯ ಹತ್ತಿರ ಬರುವವುಗಳಿಗೆ ಪುರಾಣದ ಹೆಸರೇ ರೂಢಿ. ಅಪೋಫಿಸ್ ಈಜಿಪ್ಟಿನ ಪುರಾಣದ ಸರ್ಪ. ಗುರುಗ್ರಹದ ದಾರಿಯಲ್ಲೇ ಸುತ್ತುವವುಗಳಿಗೆ ಟ್ರಾಯ್ ಯುದ್ಧದ ವೀರರ ಹೆಸರು, ಅವುಗಳಲ್ಲಿ ಸಣ್ಣವಕ್ಕೆ ಈಗ ಒಲಿಂಪಿಕ್ ಆಟಗಾರರ ಹೆಸರೂ ನಡೆಯುತ್ತದೆ. ನಿಮಗೆ ಸಿಗುವುದು ಹೆಚ್ಚಾಗಿ ಮಂಗಳ ಮತ್ತು ಗುರುವಿನ ನಡುವಿನದು, ಅಲ್ಲಿ ಆಯ್ಕೆ ನಿಮ್ಮದು.

ಮಾದರಿಗೆ ಹಳೆಯ ಹೆಸರುಗಳನ್ನು ನೋಡಿ. 1801ರ ಜನವರಿ 1ಕ್ಕೆ ಸಿಸಿಲಿಯಲ್ಲಿ ಪಿಯಾಝಿ ಕಂಡ ಮೊದಲನೆಯದಕ್ಕೆ ಸಿರಿಸ್ ಅಂತ ಹೆಸರು, ರೋಮನ್ನರ ಬೆಳೆ ದೇವತೆ. 1861ರಲ್ಲಿ ಪಾಗ್ಸನ್ ಮದ್ರಾಸಿನಿಂದ ಕಂಡ 67ನೆಯದಕ್ಕೆ ಏಷ್ಯಾ ಅಂತಲೇ ಇಟ್ಟರು, ಈ ಖಂಡದಿಂದ ಕಂಡ ಮೊದಲನೆಯದು ಅಂತ. 1988ರಲ್ಲಿ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದ ಕಂಡದ್ದು 4130 ರಾಮಾನುಜನ್. 300128 ಅನ್ನುವುದು ಪಂಡಿತ್ ಜಸರಾಜ್, ಅವರು ಹುಟ್ಟಿದ 28-01-30ನ್ನು ತಿರುಗಿಸಿದರೆ ಅದೇ ಸಂಖ್ಯೆ. ಬೆನ್ನು (Bennu) ಅನ್ನುವ ಕ್ಷುದ್ರಗ್ರಹದ ಹೆಸರನ್ನು ಸೂಚಿಸಿದ್ದು ಮೂರನೇ ಕ್ಲಾಸಿನ ಹುಡುಗ, ಸ್ಪರ್ಧೆಯೊಂದರಲ್ಲಿ. ಅಲ್ಲಿಗೆ ಹೋಗಬೇಕಿದ್ದ ನೌಕೆಯ ಚಾಚಿದ ತೋಳು, ರೆಕ್ಕೆ ನೋಡಿ ಅವನಿಗೆ ಈಜಿಪ್ಟಿನ ಬಕಪಕ್ಷಿಯ ದೇವರು ನೆನಪಾಗಿದ್ದ. 2023ರಲ್ಲಿ ಅಲ್ಲಿಯ ಮಣ್ಣು ಭೂಮಿಗೆ ಬಂತು.

ಹೆಸರಿನ ಜೊತೆ ನಾಲ್ಕು ಸಾಲಿನ ವಿವರಣೆ ಇಂಗ್ಲಿಷಿನಲ್ಲಿ ಕಳಿಸಬೇಕು. ಸಮಿತಿಯವರು ಒಪ್ಪಿದರೆ ಬುಲೆಟಿನ್‌ನಲ್ಲಿ ಅಚ್ಚಾಗುವುದು ಅದೇ ಸಾಲುಗಳು. ಹೊಗಳಿಕೆ ಬಿಟ್ಟು ಸಂಗತಿ ಬರೆಯಿರಿ. ಉದಾಹರಣೆಗೆ ಗಂಗಜ್ಜಿಗೆ ನಾನಾದರೆ ಇಷ್ಟು ಬರೆಯುತ್ತೇನೆ: "ಗಂಗೂಬಾಯಿ ಹಾನಗಲ್ (1913–2009), ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಹಿಂದೂಸ್ತಾನಿ ಗಾಯಕಿ. ಕಿರಾಣಾ ಘರಾಣೆಯವರು, ಸವಾಯಿ ಗಂಧರ್ವರ ಶಿಷ್ಯೆ. 2002ರಲ್ಲಿ ಪದ್ಮವಿಭೂಷಣ ಪಡೆದರು." ಕಳಿಸುವ ಮೊದಲು ಮೈನರ್ ಪ್ಲಾನೆಟ್ ಸೆಂಟರಿನ ಪಟ್ಟಿಯಲ್ಲಿ ಆ ಹೆಸರು, ಅಥವಾ ಅದನ್ನೇ ಹೋಲುವ ಹೆಸರು ಮೊದಲೇ ಇದೆಯಾ ಅಂತ ಹುಡುಕಿ ನೋಡಿ. ಇದ್ದರೆ ಎರಡನೇ ಹೆಸರು ತಯಾರಿರಲಿ.