ಇನ್ಸುಲಿನ್ ಫ್ರಿಜ್ ಮತ್ತು ನನ್ನ ಕೆಲಸದ ಖುಷಿ

ಬಿಸಿಲಿಗೆ ಶಕ್ತಿ ಕಳೆದುಕೊಂಡ ಇನ್ಸುಲಿನ್ ಎಷ್ಟೋ ಸಲ ನೋಡಲು ಹೊಸದರ ಹಾಗೆಯೇ ಇರುತ್ತದೆ. ಸಕ್ಕರೆ ಇಳಿಯದಿದ್ದರೆ ಮನೆಯವರು ಊಟದ ಮೇಲೆ ತಪ್ಪು ಹಾಕುತ್ತಾರೆ, ಡಾಕ್ಟರು ಡೋಸ್ ಏರಿಸುತ್ತಾರೆ. ಔಷಧಿ ಅಂಗಡಿಯ ಫ್ರಿಜ್ ಯಾರ ನೆನಪಿಗೂ ಬರುವುದಿಲ್ಲ. ಕಲಬುರಗಿಯಲ್ಲಿ ಫಾರ್ಮಾಸಿಸ್ಟ್ ಆಗಿರುವ ನನಗೆ ವೃತ್ತಿಧರ್ಮ ಅಂದಾಗ ಮೊದಲು ಕಣ್ಣಿಗೆ ಬರುವುದು ಆ ಫ್ರಿಜ್ಜೇ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕು. ನಮ್ಮಲ್ಲಿ ಏಪ್ರಿಲ್, ಮೇ ಬಂತೆಂದರೆ ಬಿಸಿಲು 40 ದಾಟುತ್ತದೆ. ನಾನು ಮೊದಲು ಸಂಬಳಕ್ಕಿದ್ದ ಅಂಗಡಿಯಲ್ಲಿ ರಾತ್ರಿ ಶಟರ್ ಎಳೆಯುವಾಗ ಮೇನ್ ಸ್ವಿಚ್ಚನ್ನೇ ಆರಿಸುತ್ತಿದ್ದರು. ಹೇಳಿ ನೋಡಿದೆ. ‘ಮುಂಜಾನಿ ಮತ್ತ ತಣ್ಣಗ ಆಗ್ತದಲ್ಲ’ ಅಂದರು. ಸಂಬಳ ಚೆನ್ನಾಗಿತ್ತು, ಜತೆಯವರೂ ಒಳ್ಳೆಯವರು. ಆದರೆ ಇನ್ಸುಲಿನ್ ಕೇಳಿಕೊಂಡು ಬಂದವರನ್ನು ಬೇರೆ ಅಂಗಡಿಗೆ ಕಳಿಸುತ್ತ, ಯಾಕೆಂದು ಕೇಳಿದರೆ ಮಾತು ತಪ್ಪಿಸುತ್ತ ದಿನ ದೂಡುವುದು ಆಗಲಿಲ್ಲ. ಬಿಟ್ಟೆ.

ಈಗ ಸ್ವಂತ ಅಂಗಡಿ. ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇದೆ, ಮುಂಜಾನೆ ಸಂಜೆ ವಹಿಯಲ್ಲಿ ಬರೆಯುತ್ತೇವೆ. ಫ್ರೀಜರಿಗೆ ತಾಗುವಂತೆ ಇಡುವುದಿಲ್ಲ, ಹೆಪ್ಪುಗಟ್ಟಿದರೂ ಅದು ಕೆಟ್ಟ ಹಾಗೆಯೇ. ಒಂದು ಬೇಸಿಗೆಯಲ್ಲಿ ಇನ್ವರ್ಟರೂ ಕೈಕೊಟ್ಟು ತಂಪು ಪೂರ್ತಿ ಹೋದಾಗ ಇದ್ದದ್ದನ್ನೆಲ್ಲ ತೆಗೆದು ಬೇರೆ ಇಟ್ಟೆ, ಮಾರಲಿಲ್ಲ. ನಷ್ಟ ದೊಡ್ಡದೇ. ಆದರೆ ಮರುದಿನ ಕೌಂಟರಿನಲ್ಲಿ ನಿಲ್ಲಲು ಯಾವ ಅಳುಕೂ ಇರಲಿಲ್ಲ. ಯಾರಾದರೂ ‘ಇದು ಛಲೋ ಅದಲ್ರೀ?’ ಅಂದರೆ ಫ್ರಿಜ್ ಬಾಗಿಲು ತೆಗೆದು ಥರ್ಮಾಮೀಟರ್ ತೋರಿಸುತ್ತೇನೆ. ಪ್ರಾಮಾಣಿಕರಾಗಿದ್ದರೆ ಮುಂದೆಂದೋ ಒಳ್ಳೆಯದಾಗುತ್ತದೆ ಅಂತಾರೆ. ನನಗಂತೂ ಆ ಪ್ರಶ್ನೆಗೆ ಹೆದರದೆ ನಿಲ್ಲುವುದರಲ್ಲೇ ಖುಷಿ ಸಿಕ್ಕಿದೆ, ಅದೂ ಅದೇ ದಿನ.

ಜೇವರ್ಗಿ ಕಡೆಯ ಆಯಿಯೊಬ್ಬರು ಕೇಳಿದರು: ‘ತಮ್ಮಾ, ಮನ್ಯಾಗ ಫ್ರಿಜ್ ಇಲ್ಲಪಾ, ಇದನ್ನ ಎಲ್ಲಿ ಇಡ್ಲಿ?’ ಗಿರಾಕಿಗಳು ಕಾಯುತ್ತಿದ್ದರೂ ಕೂರಿಸಿ ಹೇಳಿದೆ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣದೊಂದು ಗಡಿಗೆ, ನಡುವೆ ಉಸುಕು, ಅದಕ್ಕೆ ದಿನಾ ನೀರು. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿನ ಗಡಿಗೆಯಲ್ಲಿಟ್ಟು, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ, ಗಾಳಿ ಆಡುವಲ್ಲಿ ಇಡಬೇಕು. ತೆರೆದ ತಾರೀಖನ್ನು ಬಾಟಲಿಯ ಮೇಲೆ ನಾನೇ ಬರೆದುಕೊಟ್ಟೆ, ಸಾಮಾನ್ಯವಾಗಿ ನಾಲ್ಕು ವಾರ ದಾಟಿಸಬಾರದು. ಮುಂದಿನ ಸಲ ಬಂದಾಗ ಓಣಿಯ ಇನ್ನೊಬ್ಬರನ್ನೂ ಕರೆತಂದಿದ್ದರು, ಅವರ ಮನೆಯಲ್ಲೂ ಫ್ರಿಜ್ ಇರಲಿಲ್ಲ.