ಪುಟ್ಟ ಮಕ್ಕಳ ಜೊತೆ ಫ್ಯಾಮಿಲಿ ಫೋಟೋ ಸೆಷನ್: ನಾವು ತಯಾರಾದ ಬಗೆ

ಫೋಟೋ ಸೆಷನ್‌ಗೆ ದಿನ ಗೊತ್ತು ಮಾಡುವಾಗ ನಾನು ಮೊದಲು ನೋಡಿದ್ದು ಮಗನ ನಿದ್ದೆಯ ಸಮಯವನ್ನು. ಆಗ ಅವನಿಗೆ ಒಂದೂವರೆ ವರ್ಷ. ಮಗಳಿಗೆ ಮೂರು ತುಂಬುತ್ತಾ ಬಂದಿತ್ತು. ಮಗ ಮಧ್ಯಾಹ್ನ ಊಟ ಮಾಡಿ ಮಲಗಿದರೆ ಮೂರು ಗಂಟೆಯ ಹೊತ್ತಿಗೆ ಏಳುತ್ತಿದ್ದ. ಎದ್ದ ಮೇಲೆ ಅರ್ಧ ಗಂಟೆ ಯಾರ ಜೊತೆಗೂ ಮಾತಿಲ್ಲ, ಹೆಗಲ ಮೇಲೆ ತಲೆ ಇಟ್ಟುಕೊಂಡೇ ಇರುತ್ತಿದ್ದ. ಆಮೇಲೆ ಹೊಟ್ಟೆಗೆ ಏನಾದರೂ ಬಿದ್ದರೆ ಮುಂದಿನ ಒಂದೂವರೆ ಗಂಟೆ ತುಂಬಾ ಖುಷಿಯಾಗಿರುತ್ತಿದ್ದ. ಸೆಷನ್ ಆ ಹೊತ್ತಿನೊಳಗೇ ಮುಗಿಯಬೇಕು ಅಂತ ನಾನು ಪಟ್ಟು ಹಿಡಿದೆ.

ಫೋಟೋಗ್ರಾಫರ್ ಹೇಳಿದ್ದು ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ. ಆ ಬೆಳಕು ಮೃದುವಾಗಿರುತ್ತದೆ, ಮುಖದ ಮೇಲೆ ಗಾಢ ನೆರಳು ಬೀಳುವುದಿಲ್ಲ. ಅವರ ಮಾತು ನಿಜ. ಆದರೂ ಬೆಳಕು ಮತ್ತು ಮಗುವಿನ ಮೂಡ್ ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಮಗುವಿನ ಮೂಡನ್ನೇ ಆರಿಸುತ್ತೇನೆ. ಬಿಸಿಲು ಜಾಸ್ತಿಯಾದರೆ ಮರದ ನೆರಳಿಗೆ ಹೋಗಬಹುದು. ನಿದ್ದೆಗೆಟ್ಟ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಅದು ಅಳುತ್ತಲೇ ಇರುತ್ತದೆ, ಅಲ್ವಾ? ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲು ನಿದ್ದೆಯೂ ಸೇರಿ. ಅದರಲ್ಲಿ ಒಂದು ಗಂಟೆ ಕಿತ್ತುಕೊಂಡು ಫೋಟೋಗೆ ನಿಲ್ಲಿಸಿದರೆ ಮಗು ಆ ಗಂಟೆಯನ್ನು ವಾಪಸ್ ಕೇಳುತ್ತದೆ. ಕೊನೆಗೆ ನಾಲ್ಕೂವರೆಗೆ ಶುರು ಮಾಡುವುದು ಅಂತಾಯಿತು. ಲಸಿಕೆಯ ದಿನವನ್ನೂ ಕ್ಯಾಲೆಂಡರ್‌ನಲ್ಲಿ ನೋಡಿಕೊಂಡೆ. ಲಸಿಕೆ ಹಾಕಿಸಿದ ಮೇಲೆ ಒಂದೆರಡು ದಿನ ಜ್ವರ, ಕಿರಿಕಿರಿ ಇರಬಹುದು. ಆ ದಿನಗಳನ್ನು ಬಿಟ್ಟುಬಿಡುವುದು ಒಳ್ಳೆಯದು.

ಇನ್ನು ತಯಾರಿಯ ವಿಷಯ. ಆ ಹೊತ್ತಿನಲ್ಲಿ ಮಕ್ಕಳಿಗೆ ಯಾವುದೂ ಹೊಸದಾಗಿರಬಾರದು, ಇದೊಂದನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಬಟ್ಟೆ, ಚಪ್ಪಲಿ, ಜಾಗ, ಕ್ಯಾಮೆರಾ, ಕ್ಯಾಮೆರಾ ಹಿಡಿದವರು, ಎಲ್ಲವನ್ನೂ ಒಂದೊಂದಾಗಿ ಮೊದಲೇ ಹಳೆಯದು ಮಾಡಿಬಿಡಬೇಕು. ಈ ವಯಸ್ಸಿನ ಮಗು ಒಂದು ಹೊಸ ವಿಷಯವನ್ನು ಖುಷಿಯಿಂದ ನೋಡುತ್ತದೆ. ಐದು ಹೊಸ ವಿಷಯಗಳು ಒಟ್ಟಿಗೇ ಬಂದರೆ ಅಮ್ಮನ ಕಾಲಿಗೆ ಅಂಟಿಕೊಳ್ಳುತ್ತದೆ.

ಬಟ್ಟೆಗಳನ್ನು ಮೊದಲೇ ತಂದು, ಒಗೆದು, ಮನೆಯಲ್ಲಿ ಹಾಕಿಸಿ ಆಡಲು ಬಿಟ್ಟೆ. ಕುತ್ತಿಗೆಯ ಹಿಂದಿನ ಲೇಬಲ್ ಕತ್ತರಿಸಿದೆ. ಮಗಳು ಒಂದು ಫ್ರಾಕ್ ಹಾಕಿಕೊಂಡಾಗಲೆಲ್ಲ ಕಂಕುಳ ಹತ್ತಿರ ಕೆರೆದುಕೊಳ್ಳುತ್ತಿದ್ದಳು. ನೋಡಲು ಅದೇ ಚೆನ್ನಾಗಿತ್ತು, ಆದರೂ ಪಕ್ಕಕ್ಕಿಟ್ಟೆ. ಬಣ್ಣದ ಬಗ್ಗೆ ಫೋಟೋಗ್ರಾಫರ್ ಕೊಟ್ಟ ಸಲಹೆ ತುಂಬಾ ಕೆಲಸಕ್ಕೆ ಬಂತು. ಎಲ್ಲರೂ ಒಂದೇ ಬಣ್ಣ ಹಾಕುವ ಅಗತ್ಯ ಇಲ್ಲ, ಒಂದಕ್ಕೊಂದು ಹೊಂದುವ ಎರಡು ಮೂರು ತಿಳಿ ಬಣ್ಣ ಸಾಕು. ಕಣ್ಣು ಕುಕ್ಕುವ ಗುಲಾಬಿ, ಹಸಿರು ಬಣ್ಣಗಳು ಬೆಳಕಿಗೆ ಗಲ್ಲದ ಕೆಳಗೆ ಅದೇ ಛಾಯೆ ಬೀರುತ್ತವೆ. ತೀರಾ ಸಣ್ಣ ಗೆರೆಗಳ ಬಟ್ಟೆ ಡಿಜಿಟಲ್ ಫೋಟೋದಲ್ಲಿ ಅಲೆಯಲೆಯಾಗಿ ಕಾಣುತ್ತದೆ. ದೊಡ್ಡವರ ಬಟ್ಟೆಗೂ ಒಂದು ಪರೀಕ್ಷೆ ಇಟ್ಟೆ: ಅದನ್ನು ಹಾಕಿಕೊಂಡು ನೆಲದ ಮೇಲೆ ಕೂರಲು, ಮಗುವನ್ನು ಎತ್ತಿ ಓಡಲು ಆಗಬೇಕು. ಚಿಕ್ಕ ಮಕ್ಕಳ ಜೊತೆಗಿನ ಫೋಟೋಗಳಲ್ಲಿ ಮುಕ್ಕಾಲು ಪಾಲು ನೆಲದ ಮಟ್ಟದಲ್ಲೇ ಆಗುತ್ತವೆ.

ಕ್ಯಾಮೆರಾದ ಭಯ ಇದಕ್ಕಿಂತ ದೊಡ್ಡ ವಿಷಯ. ಅಪರಿಚಿತರನ್ನು ಕಂಡರೆ ಹೆದರುವುದು ಮಕ್ಕಳಲ್ಲಿ ಸಾಮಾನ್ಯವಾಗಿ ಎಂಟು ಒಂಬತ್ತು ತಿಂಗಳ ಹೊತ್ತಿಗೆ ಶುರುವಾಗುತ್ತದೆ. ಎರಡು ವರ್ಷದವರೆಗೂ ಅದು ಆಗಾಗ ತಲೆ ಎತ್ತುತ್ತದೆ. ಮಗುವಿನ ಜಾಗದಲ್ಲಿ ನಿಂತು ಯೋಚಿಸಿ. ಯಾರೋ ಗೊತ್ತಿಲ್ಲದವರು ಬರುತ್ತಾರೆ. ಬಂದವರು ದೊಡ್ಡ ಕಪ್ಪು ವಸ್ತುವೊಂದರ ಹಿಂದೆ ಮುಖ ಮುಚ್ಚಿಕೊಳ್ಳುತ್ತಾರೆ. ಆಮೇಲೆ ನಗು ಅನ್ನುತ್ತಾರೆ! ಅದಕ್ಕೇ ನಾವು ಮನೆಯಲ್ಲಿ ಫೋಟೋ ಆಟ ಶುರು ಮಾಡಿದೆವು. ರಟ್ಟಿನ ಡಬ್ಬಿಗೆ ತೂತು ಮಾಡಿ, ದಾರ ಕಟ್ಟಿ ಮಗಳ ಕೊರಳಿಗೆ ಹಾಕಿದೆ. ಅವಳು ಎಲ್ಲರ ಫೋಟೋ ತೆಗೆದಳು. ಅಜ್ಜಿಯನ್ನು ಸೋಫಾ ಮೇಲೆ ಕೂರಿಸಿದಳು, ತಾತನನ್ನು ನಿಲ್ಲಿಸಿದಳು. ಮಗನಿಗೆ ಬೇಕಾಗಿದ್ದು ಮುಖ ಮುಚ್ಚಿ ತೆಗೆಯುವ ಆಟ ಮಾತ್ರ. ಡಬ್ಬಿಯ ಹಿಂದೆ ನನ್ನ ಮುಖ ಮರೆಯಾಗುವುದು, ಮತ್ತೆ ಕಾಣುವುದು, ಅವನು ಕೇಕೆ ಹಾಕುವುದು. ಕಪ್ಪು ಪೆಟ್ಟಿಗೆಯ ಹಿಂದೆ ಹೋದ ಮುಖ ತಿರುಗಿ ಬರುತ್ತದೆ ಅಂತ ಅವನಿಗೆ ಅರ್ಥವಾಗಿದ್ದು ಹಾಗೆ.

ಫೋಟೋಗ್ರಾಫರ್ ಹತ್ತಿರ ಒಂದು ಕೋರಿಕೆ ಇಟ್ಟೆ. ಕಾಲು ಗಂಟೆ ಮುಂಚೆ ಬನ್ನಿ, ಕ್ಯಾಮೆರಾವನ್ನು ಬ್ಯಾಗಿನಿಂದ ತೆಗೆಯಬೇಡಿ, ಮಕ್ಕಳ ಹತ್ತಿರ ನೀವಾಗಿ ಹೋಗಬೇಡಿ. ಅವರು ಪಾರ್ಕಿನ ಹುಲ್ಲಿನ ಮೇಲೆ ಸುಮ್ನೆ ಕೂತು ನನ್ನ ಜೊತೆ ಹರಟೆ ಹೊಡೆದರು. ಅಮ್ಮ ನಗುತ್ತಾ ಮಾತಾಡುತ್ತಿದ್ದರೆ ಇವರು ನಮ್ಮವರೇ ಅಂತ ಮಕ್ಕಳಿಗೆ ಧೈರ್ಯ ಬರುತ್ತದೆ. ಸ್ವಲ್ಪ ಹೊತ್ತಿಗೆ ಮಗಳೇ ಹೋಗಿ ತನ್ನ ರಟ್ಟಿನ ಕ್ಯಾಮೆರಾ ತೋರಿಸಿದಳು. ಆಮೇಲೆ ಅವರು ತಮ್ಮದನ್ನು ತೆಗೆದು ತೋರಿಸಿದರು. ಅಲ್ಲಿಂದ ಕೆಲಸ ಸಲೀಸಾಯಿತು. ಆ ಕಾಲು ಗಂಟೆಯನ್ನು ಯಾರೂ ಉಳಿಸಲು ಹೋಗಬೇಡಿ ಅಂತ ನಾನು ಕೇಳಿಕೊಳ್ಳುತ್ತೇನೆ.

ಮಕ್ಕಳಿಗೆ ಏನು ಹೇಳಬೇಕು? ಎರಡು ಮೂರು ವರ್ಷದವರಿಗೆ ಮುಂದಿನ ವಾರ, ಭಾನುವಾರ ಅನ್ನುವುದೆಲ್ಲ ತಲೆಗೆ ಹೋಗುವುದಿಲ್ಲ. ಒಂದಾದ ಮೇಲೆ ಒಂದು ಏನು ನಡೆಯುತ್ತದೆ ಅನ್ನುವುದು ಅರ್ಥವಾಗುತ್ತದೆ. ಹಿಂದಿನ ರಾತ್ರಿ ಮಲಗುವಾಗ ಮಗಳಿಗೆ ಕಥೆಯ ಹಾಗೆ ಹೇಳಿದೆ. ನಿದ್ದೆ ಮಾಡಿ ಏಳ್ತೀವಿ, ನೀಲಿ ಫ್ರಾಕ್ ಹಾಕ್ಕೋತೀವಿ, ಪಾರ್ಕಿಗೆ ಹೋಗ್ತೀವಿ, ಒಬ್ಬರು ಆಂಟಿ ಬರ್ತಾರೆ, ಆಡ್ತೀವಿ, ಮನೆಗೆ ಬರ್ತೀವಿ. ಬೆಳಿಗ್ಗೆ ಅವಳೇ ಅದನ್ನು ತಮ್ಮನಿಗೆ ಒಪ್ಪಿಸುತ್ತಿದ್ದಳು.

ನಗುವುದನ್ನು ಮಾತ್ರ ನಾವು ಕಲಿಸಲೇ ಇಲ್ಲ. ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರಲ್ಲೇ ಇದರ ಬಗ್ಗೆ ಬರೆದಿದ್ದರು. ಬಾಯಿಯ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ, ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಖುಷಿಗೆ ಮಾತ್ರ ಕುಗ್ಗುತ್ತದೆ ಅಂತ. ಹಾಗಾಗಿ ನಗು ಅಂತ ಹೇಳಿದರೆ ಸಿಗುವುದು ಹಲ್ಲು ಮಾತ್ರ. ಆ ಹಲ್ಲು ಕಿರಿಯುವ ಮುಖ ಒಮ್ಮೆ ಅಭ್ಯಾಸವಾದರೆ ಮಗು ಪ್ರತಿ ಫೋಟೋಗೂ ಅದನ್ನೇ ತರುತ್ತದೆ.

ಆದ್ದರಿಂದ ನನ್ನ ಪ್ರಕಾರ ನಿಜವಾಗಿ ತರಬೇತಿ ಬೇಕಾಗಿದ್ದು ದೊಡ್ಡವರಿಗೆ. ಸಾಮಾನ್ಯವಾಗಿ ನಡೆಯುವುದೇನು? ಅಜ್ಜಿ ಒಂದು ಕಡೆಯಿಂದ ಚಿನ್ನಾ ಅಂತ ಕರೆಯುತ್ತಾರೆ, ತಾತ ಇನ್ನೊಂದು ಕಡೆ ಚಪ್ಪಾಳೆ ತಟ್ಟುತ್ತಾರೆ, ಅತ್ತೆ ಬೀಗದ ಕೈ ಅಲ್ಲಾಡಿಸುತ್ತಾರೆ. ಮಗು ನಾಲ್ಕು ದಿಕ್ಕಿಗೂ ತಿರುಗಿ ಕೊನೆಗೆ ಅಳುತ್ತದೆ. ಮಗುವನ್ನು ಕರೆಯುವವರು ಒಬ್ಬರೇ, ಅವರು ಫೋಟೋಗ್ರಾಫರ್ ಹಿಂದೆಯೇ ನಿಲ್ಲಬೇಕು ಅಂತ ಮನೆಯಲ್ಲೇ ನಿಯಮ ಮಾಡಿದೆವು. ಆ ಕೆಲಸವನ್ನು ನನ್ನ ತಂಗಿಗೆ ಒಪ್ಪಿಸಿದೆವು. ಉಳಿದವರಿಗೆಲ್ಲ ಒಂದೇ ಕೆಲಸ: ಕ್ಯಾಮೆರಾ ನೋಡುತ್ತಾ ನಗುನಗುತ್ತಾ ಇರುವುದು. ಮಗು ಏನು ಮಾಡುತ್ತಿದೆ ಅಂತ ಬಗ್ಗಿ ನೋಡುವಂತಿಲ್ಲ. ಇದು ಹೇಳಿದಷ್ಟು ಸುಲಭ ಅಲ್ಲ. ಮಗು ಕೊನೆಗೂ ಕ್ಯಾಮೆರಾ ನೋಡಿದ ಆ ಕ್ಷಣದಲ್ಲಿ ಅಪ್ಪ ಮಗುವಿನ ಕಡೆ ನೋಡುತ್ತಿರುತ್ತಾರೆ, ಅಮ್ಮ ಬಾಯಿ ತೆರೆದು ಏನೋ ಹೇಳುತ್ತಿರುತ್ತಾರೆ. ಎಷ್ಟೋ ಮನೆಗಳ ಗ್ರೂಪ್ ಫೋಟೋ ಕೆಡುವುದು ಇಲ್ಲೇ.

ನಿಯಮದಲ್ಲಿ ಇನ್ನೊಂದು ಸೇರಿಸಿದೆ. ಅಲ್ಲಾಡಬೇಡ ಅಂತ ಯಾರೂ ಹೇಳಬಾರದು. 19ನೇ ಶತಮಾನದಲ್ಲಿ ಒಂದು ಫೋಟೋಗೆ ಎಷ್ಟೋ ಸೆಕೆಂಡು ಅಲುಗಾಡದೆ ಕೂರಬೇಕಿತ್ತು. ಆಗ ಅಮ್ಮಂದಿರು ಮೈತುಂಬ ಬಟ್ಟೆ ಹೊದ್ದು ಕುರ್ಚಿಯ ಹಾಗೆ ಕೂತು, ತೊಡೆಯ ಮೇಲೆ ಮಗುವನ್ನು ಹಿಡಿದುಕೊಳ್ಳುತ್ತಿದ್ದರು. ಆ ಕಾಲದ ಅಂಥ ಫೋಟೋಗಳು ಇವತ್ತಿಗೂ ಉಳಿದಿವೆ. ಈಗ ಸೆಕೆಂಡಿನ 500ನೇ ಒಂದು ಭಾಗದಲ್ಲಿ ಓಡುವ ಮಗುವೂ ಸ್ಪಷ್ಟವಾಗಿ ಸಿಗುತ್ತದೆ. ಹಾಗಿರುವಾಗ ಒಂದೂವರೆ ವರ್ಷದವನನ್ನು ಯಾಕೆ ಕಟ್ಟಿಹಾಕಬೇಕು?

ನಿಲ್ಲಿಸುವ ಬದಲು ಕೆಲಸ ಕೊಟ್ಟೆವು. ಅಪ್ಪನ ಕಿವಿಯಲ್ಲಿ ಗುಟ್ಟು ಹೇಳು ಅಂದರೆ ಮಗಳು ಅಪ್ಪನ ಕೆನ್ನೆಗೆ ಮುಖ ಒತ್ತಿಕೊಂಡು ಪಿಸುಗುಟ್ಟಿದಳು. ಒಂದು, ಎರಡು, ಮೂರು ಅಂತ ಎಣಿಸಿ ಮಗನನ್ನು ಮೇಲಕ್ಕೆತ್ತಿದೆವು. ಎರಡು ಎನ್ನುವಾಗಲೇ ಅವನು ನಗಲು ಶುರು ಮಾಡುತ್ತಿದ್ದ, ಆ ಕಾಯುವ ಮುಖವೇ ಫೋಟೋದಲ್ಲಿ ಅತಿ ಚೆನ್ನಾಗಿ ಬಂದಿದೆ. ಎಲ್ಲರೂ ಕೈ ಹಿಡಿದು ಕ್ಯಾಮೆರಾ ಕಡೆಗೆ ನಡೆದೆವು. ಮಗ ತನ್ನ ಬಟ್ಟೆಯ ಮೊಲವನ್ನು ಬಿಡಲಿಲ್ಲ, ಅದೂ ಫೋಟೋದಲ್ಲಿ ಇರಲಿ ಅಂದೆ. ಎಲ್ಲರೂ ಇರುವ ಫೋಟೋಗಳನ್ನು ಮೊದಲ ಹತ್ತು ನಿಮಿಷದಲ್ಲೇ ಮುಗಿಸಿದೆವು, ಮಕ್ಕಳ ಉತ್ಸಾಹ ಪೂರ್ತಿ ಇರುವಾಗಲೇ.

ಬ್ಯಾಗಿನಲ್ಲಿ ಇದ್ದದ್ದು ನೀರು, ಒದ್ದೆ ಟಿಶ್ಯೂ, ಡೈಪರ್, ಇನ್ನೊಂದು ಜೊತೆ ಬಟ್ಟೆ, ಬಣ್ಣ ಮೆತ್ತದ ಮೆತ್ತಗಿನ ತಿಂಡಿ. ಇಡೀ ದ್ರಾಕ್ಷಿ, ಬೀಜಗಳು, ಪಾಪ್‌ಕಾರ್ನ್ ಬೇಡ. ನಾಲ್ಕು ವರ್ಷದೊಳಗಿನ ಮಕ್ಕಳ ಗಂಟಲಲ್ಲಿ ಅವು ಸಿಕ್ಕಿಕೊಳ್ಳಬಹುದು, ಓಡುತ್ತಾ ನಗುತ್ತಾ ತಿನ್ನುವಾಗಂತೂ ಅಪಾಯ ಇನ್ನೂ ಜಾಸ್ತಿ. ತಿಂಡಿಯನ್ನು ಲಂಚದ ಹಾಗೆ ತೋರಿಸಲಿಲ್ಲ. ತೋರಿಸಿದರೆ ಆಮೇಲೆ ಮಗುವಿನ ಕಣ್ಣು ಆ ಡಬ್ಬಿಯ ಮೇಲೇ ಇರುತ್ತದೆ.

ನಡುವೆ ಮಗ ಬಿದ್ದು ಅತ್ತ. ಯಾರೂ ಅವನನ್ನು ಗದರಲಿಲ್ಲ, ಯಾರೂ ಗಡಿಬಿಡಿ ಮಾಡಲಿಲ್ಲ. ನಾನು ಅವನನ್ನು ಎತ್ತಿಕೊಂಡು ಕ್ಯಾಮೆರಾ ಕಾಣದಷ್ಟು ದೂರ ಹೋದೆ. ಅಷ್ಟು ಹೊತ್ತು ಮಗಳು ಮತ್ತು ಅಜ್ಜಿಯ ಫೋಟೋ ನಡೆಯಿತು. ನೀರು ಕುಡಿದು, ಎರಡು ಇರುವೆ ನೋಡಿ ಅವನೇ ಕೆಳಗಿಳಿದ.

ಬೇಗ ಮುಗಿದರೂ ಪರವಾಗಿಲ್ಲ ಅಂತ ಫೋಟೋಗ್ರಾಫರ್‌ಗೆ ಮೊದಲೇ ಹೇಳಿಟ್ಟಿದ್ದೆ. ಇದನ್ನು ನೀವೂ ಹೇಳಿಡಿ. ಇಲ್ಲದಿದ್ದರೆ ಒಪ್ಪಿಕೊಂಡ ಸಮಯ ತುಂಬಿಸಬೇಕು ಅಂತ ಅವರು ಪಾಪ ಎಳೆಯುತ್ತಲೇ ಇರುತ್ತಾರೆ. ನಮ್ಮ ಮಗಳು ಸಾಕು ಅಂದಾಗ ಇನ್ನೂ ಸಮಯ ಉಳಿದಿತ್ತು. ಇನ್ನೊಂದೇ ಒಂದು ಅಂತ ಕೇಳದೆ ಅಲ್ಲಿಗೇ ನಿಲ್ಲಿಸಿದೆವು. ಅವಳು ತನ್ನ ರಟ್ಟಿನ ಕ್ಯಾಮೆರಾದಲ್ಲಿ ಫೋಟೋ ಆಂಟಿಯ ಒಂದು ಫೋಟೋ ತೆಗೆದು, ಅವರಿಗೆ ಟಾಟಾ ಮಾಡಿ ಮನೆಗೆ ಹೊರಟಳು.