ಕರೆಂಟ್ ಹೋದಾಗ ಕಾರಿನಿಂದ ಮನೆಗೆ ಕರೆಂಟ್: ಮಾಡುವುದು ಹೇಗೆ?

ಮನೆಯ ಇನ್ವರ್ಟರ್‌ಗೆ ಹಾಕುವ 150 ಆಂಪಿಯರ್ ಅವರ್ ಬ್ಯಾಟರಿ ಇದೆಯಲ್ಲ, ಅದರಲ್ಲಿ ಹಿಡಿಯುವುದು ಎರಡು ಯೂನಿಟ್‌ಗಿಂತಲೂ ಕಮ್ಮಿ. ಅಂಗಳದಲ್ಲಿ ನಿಂತ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿ 40, 60, ಕೆಲವೊಮ್ಮೆ 80 ಯೂನಿಟ್ ಇರುತ್ತದೆ. ಕರೆಂಟ್ ಒಂದು ದಿನ, ಎರಡು ದಿನ ಬಾರದೇ ಇದ್ದಾಗ ಇಷ್ಟು ದೊಡ್ಡ ದಾಸ್ತಾನು ಸುಮ್ನೆ ನಿಂತಿರಬೇಕಾ? ಬೇಕಿಲ್ಲ. ಆದರೆ ಕಾರಿಗೂ ಮನೆಗೂ ಒಂದು ವೈರ್ ಎಳೆದರೆ ಆಯಿತು ಅನ್ನುವಷ್ಟು ಸರಳವೂ ಅಲ್ಲ. ಹೇಗೋ ಜೋಡಿಸಲು ಹೋದರೆ ಜೀವ ಹೋಗುವ ಅಪಾಯವಿದೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಇಲ್ಲಿ ಮುಖ್ಯ.

ಈ ಯೋಚನೆ ಹೊಸದೇನಲ್ಲ. 2011ರ ಮಾರ್ಚ್‌ನಲ್ಲಿ ಜಪಾನ್‌ನಲ್ಲಿ ಭೂಕಂಪ, ಸುನಾಮಿ ಆದಾಗ ಪೆಟ್ರೋಲ್ ಸಿಗುವುದೇ ಕಷ್ಟವಾಗಿತ್ತು. ಆಗ ಎಲೆಕ್ಟ್ರಿಕ್ ಕಾರುಗಳು ಓಡಾಟಕ್ಕೆ ಒದಗಿ ಬಂದವು. ಅವುಗಳ ಬ್ಯಾಟರಿಯಿಂದ ಮನೆಗೂ ಕರೆಂಟ್ ತೆಗೆಯಬಹುದಲ್ವಾ ಅನ್ನುವ ಮಾತು ಜೋರಾಯಿತು. 2012ರಲ್ಲೇ ನಿಸಾನ್ ಕಂಪನಿ ತನ್ನ ಲೀಫ್ ಕಾರಿನಿಂದ ಮನೆಗೆ 6 ಕಿಲೋವ್ಯಾಟ್‌ವರೆಗೆ ಕೊಡುವ ವ್ಯವಸ್ಥೆಯನ್ನು ಅಲ್ಲಿನ ಮಾರುಕಟ್ಟೆಗೆ ತಂದಿತು. 2019ರಲ್ಲಿ ಚಿಬಾ ಪ್ರಾಂತ್ಯದಲ್ಲಿ ಚಂಡಮಾರುತದಿಂದ ದಿನಗಟ್ಟಲೆ ಕರೆಂಟ್ ಹೋದಾಗ ಲೀಫ್ ಕಾರುಗಳನ್ನೇ ಕಳಿಸಿ ದೀಪ, ಫ್ಯಾನ್ ನಡೆಸಿದರು, ಫೋನ್ ಚಾರ್ಜ್ ಮಾಡಿಕೊಟ್ಟರು.

ಮೊದಲು ನಿಮ್ಮ ಕಾರು ಕರೆಂಟ್ ಕೊಡುತ್ತದಾ ನೋಡಿ

ಎಲ್ಲ ಎಲೆಕ್ಟ್ರಿಕ್ ಕಾರುಗಳೂ ಹೊರಗೆ ಕರೆಂಟ್ ಕೊಡುವುದಿಲ್ಲ. ಕಾರಿನ ಕೈಪಿಡಿ ತೆಗೆದು ಎರಡು ಹೆಸರು ಹುಡುಕಿ. ಒಂದು ವಿ2ಎಲ್, ಅಂದರೆ ಕಾರಿನಿಂದ ನೇರವಾಗಿ ಉಪಕರಣಗಳಿಗೆ. ಇನ್ನೊಂದು ವಿ2ಎಚ್, ಅಂದರೆ ಕಾರಿನಿಂದ ಮನೆಯ ವೈರಿಂಗ್‌ಗೆ.

ವಿ2ಎಲ್ ಇರುವ ಕಾರಿನಲ್ಲಿ ಮನೆಯ ಗೋಡೆಯಲ್ಲಿ ಇರುವಂಥದೇ ಸಾಕೆಟ್ ಸಿಗುತ್ತದೆ. ಕೆಲವು ಕಾರುಗಳಲ್ಲಿ ಅದು ಒಳಗೆ ಸೀಟಿನ ಕೆಳಗೆ ಇರುತ್ತದೆ. ಹಲವು ಕಾರುಗಳಲ್ಲಿ ಚಾರ್ಜ್ ಮಾಡುವ ಜಾಗಕ್ಕೇ ಒಂದು ಅಡಾಪ್ಟರ್ ಸಿಕ್ಕಿಸಬೇಕು. ಆ ಅಡಾಪ್ಟರ್ ಕಾರಿನ ಜೊತೆ ಬಂದಿದೆಯೋ, ಬೇರೆ ಕೊಳ್ಳಬೇಕೋ ಅನ್ನುವುದನ್ನು ಈಗಲೇ ವಿಚಾರಿಸಿ. ಹ್ಯುಂಡೈ ಅಯಾನಿಕ್ 5, ಕಿಯಾ ಇವಿ6 ಕಾರುಗಳಲ್ಲಿ 230 ವೋಲ್ಟ್ ಇರುವ ದೇಶಗಳಲ್ಲಿ ಸುಮಾರು 3.6 ಕಿಲೋವ್ಯಾಟ್‌ವರೆಗೆ ಸಿಗುತ್ತದೆ. ಫೋರ್ಡ್ ಎಫ್-150 ಲೈಟ್ನಿಂಗ್ ಎಂಬ ದೊಡ್ಡ ಪಿಕಪ್ 9.6 ಕಿಲೋವ್ಯಾಟ್‌ವರೆಗೆ ಕೊಡಬಲ್ಲದು.

ಕಾರಿನಲ್ಲಿ ವಿ2ಎಲ್ ಇಲ್ಲ ಅಂದರೆ ಉಳಿಯುವುದು 12 ವೋಲ್ಟ್ ಸಾಕೆಟ್ ಮಾತ್ರ. ಅದರ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್. ಹೆಚ್ಚೆಂದರೆ 120ರಿಂದ 180 ವ್ಯಾಟ್ ಬಂದೀತು. ಫೋನ್, ಲ್ಯಾಪ್‌ಟಾಪ್, ರೂಟರ್, ಒಂದೆರಡು ದೀಪಕ್ಕೆ ಸಾಕು. ಫ್ರಿಜ್ ಆಸೆ ಬಿಡಿ. ಇನ್ನೊಂದು ಮಾತು. ದೊಡ್ಡ ಬ್ಯಾಟರಿಯಿಂದ ನೇರವಾಗಿ ವೈರ್ ತೆಗೆಯಬಲ್ಲೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದರಲ್ಲಿ 400 ವೋಲ್ಟ್, ಕೆಲವು ಕಾರುಗಳಲ್ಲಿ 800 ವೋಲ್ಟ್ ಡಿಸಿ ಇರುತ್ತದೆ. ಕೈ ಹಾಕುವ ಜಾಗ ಅದಲ್ಲ.

ಆಮೇಲೆ ಲೆಕ್ಕ

ಇಲ್ಲಿ ಎರಡು ಲೆಕ್ಕ ಇವೆ. ಒಂದೇ ಸಲಕ್ಕೆ ಎಷ್ಟು ಎಳೆಯಬಹುದು ಅನ್ನುವುದು ಒಂದು, ಅದು ಕಿಲೋವ್ಯಾಟ್. ಒಟ್ಟು ಎಷ್ಟು ಹೊತ್ತು ಬರುತ್ತದೆ ಅನ್ನುವುದು ಇನ್ನೊಂದು, ಅದು ಯೂನಿಟ್. ಇವೆರಡನ್ನು ಬೆರೆಸಿದರೆ ಗೊಂದಲ. 60 ಯೂನಿಟ್ ತುಂಬಿದ ಕಾರಾದರೂ ವಿ2ಎಲ್ ಮಿತಿ 3.3 ಕಿಲೋವ್ಯಾಟ್ ಇದ್ದರೆ ಗೀಸರ್ ಮತ್ತು ಇಂಡಕ್ಷನ್ ಒಲೆ ಒಟ್ಟಿಗೆ ಓಡುವುದಿಲ್ಲ. ಒಂದೊಂದೂ ಸುಮಾರು 2 ಕಿಲೋವ್ಯಾಟ್ ಎಳೆಯುತ್ತದೆ, ಕೂಡಲೇ ಟ್ರಿಪ್ ಆಗುತ್ತದೆ.

ಮೋಟರ್ ಇರುವ ಸಾಮಾನುಗಳ ಬಗ್ಗೆ ಜಾಸ್ತಿ ಹುಷಾರಾಗಿರಿ. ಓಡುವಾಗ 150 ವ್ಯಾಟ್ ಎಳೆಯುವ ಫ್ರಿಜ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಫ್ರಿಜ್ ಆದರೆ ಕಾರು ತಡೆದುಕೊಳ್ಳುತ್ತದೆ. ಆದರೆ ಒಂದು ಎಚ್‌ಪಿ ನೀರಿನ ಪಂಪ್ ಓಡುವಾಗ ಸುಮಾರು 1 ಕಿಲೋವ್ಯಾಟ್ ತೆಗೆದುಕೊಂಡರೂ ಶುರುವಿನಲ್ಲಿ ಐದಾರು ಪಟ್ಟು ಕೇಳಬಹುದು. ಕಾರು ಅಲ್ಲೇ ಕೈಕೊಡಬಹುದು.

ಈಗ ಯೂನಿಟ್ ಲೆಕ್ಕ. ಫ್ರಿಜ್ ದಿನಕ್ಕೆ ಒಂದರಿಂದ ಒಂದೂವರೆ ಯೂನಿಟ್. 70 ವ್ಯಾಟ್‌ನ ಎರಡು ಫ್ಯಾನ್ 12 ಗಂಟೆ ತಿರುಗಿದರೆ 1.7 ಯೂನಿಟ್. 9 ವ್ಯಾಟ್‌ನ ನಾಲ್ಕು ಎಲ್‌ಇಡಿ ದೀಪ ಆರು ಗಂಟೆ ಉರಿದರೆ ಕಾಲು ಯೂನಿಟ್ ಕೂಡ ಆಗದು. ರೂಟರ್ ದಿನಪೂರ್ತಿ ಇದ್ದರೂ 0.3. ಲ್ಯಾಪ್‌ಟಾಪ್, ಫೋನ್ ಸೇರಿ ಇನ್ನೊಂದು 0.4. ಎಲ್ಲ ಕೂಡಿದರೆ ದಿನಕ್ಕೆ ಸುಮಾರು 4 ಯೂನಿಟ್. ಬ್ಯಾಟರಿಯ ಡಿಸಿಯನ್ನು ಮನೆಯ ಎಸಿಗೆ ಬದಲಾಯಿಸುವಾಗ ಹೋಗುವ ಅರ್ಧ ಯೂನಿಟ್ ಸೇರಿಸಿ, ನಾಲ್ಕೂವರೆ ಆಯಿತು.

ಇಷ್ಟಕ್ಕೇ ಲೆಕ್ಕ ಮುಗಿಸಿದರೆ ಮೋಸ ಹೋಗುತ್ತೀರಿ. ಕರೆಂಟ್ ಕೊಡುತ್ತಿರುವಷ್ಟು ಹೊತ್ತೂ ಕಾರು ಎಚ್ಚರವಾಗಿಯೇ ಇರಬೇಕು. ಅದರ ಕಂಪ್ಯೂಟರ್‌ಗಳು, ಬ್ಯಾಟರಿ ತಂಪು ಮಾಡುವ ಪಂಪು, ರಿಲೇಗಳು ಎಲ್ಲವೂ ಅದೇ ಬ್ಯಾಟರಿಯಿಂದ ತಿನ್ನುತ್ತವೆ. ಈ ಖರ್ಚು 200 ವ್ಯಾಟ್ ಅಂದುಕೊಂಡರೂ 24 ಗಂಟೆಗೆ 4.8 ಯೂನಿಟ್. ಅಂದರೆ ಇಡೀ ಮನೆ ಬಳಸಿದ್ದಕ್ಕಿಂತ ಜಾಸ್ತಿ! ಒಂದು ಬಲ್ಬ್ ಉರಿಸಲು ರಾತ್ರಿಯೆಲ್ಲ ವಿ2ಎಲ್ ಹಾಕಿಡುವುದು ಅದಕ್ಕೇ ದಂಡ.

ಇದಕ್ಕೆ ದಾರಿ ಇದೆ. ಕಾರನ್ನು ಕಂತುಗಳಲ್ಲಿ ಬಳಸಿ. ಬಾಗಿಲು ತೆಗೆಯದೇ ಇಟ್ಟ ಫ್ರಿಜ್ ಸುಮಾರು 4 ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಹಾಗಾಗಿ ಎರಡು ಮೂರು ಗಂಟೆ ವಿ2ಎಲ್ ಹಾಕಿ, ಆ ಹೊತ್ತಿನಲ್ಲಿ ಫ್ರಿಜ್ ತಣ್ಣಗಾಗಲಿ, ಪವರ್ ಬ್ಯಾಂಕ್, ಲ್ಯಾಪ್‌ಟಾಪ್, ಚಾರ್ಜ್ ಆಗುವ ದೀಪ, ಫ್ಯಾನ್ ಎಲ್ಲ ತುಂಬಿಕೊಳ್ಳಲಿ. ಆಮೇಲೆ ಆರಿಸಿಬಿಡಿ. ನಾಲ್ಕು ಗಂಟೆ ಬಿಟ್ಟು ಮತ್ತೆ ಹಾಕಿ.

ವ್ಯತ್ಯಾಸ ಎಷ್ಟು ಗೊತ್ತಾ? 60 ಯೂನಿಟ್‌ನ ಕಾರು 80 ಪರ್ಸೆಂಟ್ ಚಾರ್ಜ್ ಆಗಿದೆ, ಆ 80ರಲ್ಲಿ 30 ಅನ್ನು ಓಡಾಟಕ್ಕೆ ಮುಟ್ಟದೇ ಇಡುತ್ತೀರಿ ಅಂದುಕೊಳ್ಳಿ. ಮನೆಗೆ ಸಿಗುವುದು 30 ಯೂನಿಟ್. ಇಡೀ ದಿನ ಹಾಕಿಟ್ಟರೆ ದಿನಕ್ಕೆ 9.3 ಖರ್ಚು, ಮೂರು ದಿನ ಬರುತ್ತದೆ. ದಿನಕ್ಕೆ 8 ಗಂಟೆ ಮಾತ್ರ ಹಾಕಿದರೆ ಮನೆಯ ಬಳಕೆ ಅಷ್ಟೇ ಇದ್ದರೂ ಖರ್ಚು 6.1ಕ್ಕೆ ಇಳಿಯುತ್ತದೆ, ಹತ್ತಿರ ಹತ್ತಿರ ಐದು ದಿನ. ಮುಟ್ಟದೇ ಇಟ್ಟ 18 ಯೂನಿಟ್‌ನಲ್ಲಿ, ಯೂನಿಟ್‌ಗೆ 6 ಕಿಲೋಮೀಟರ್ ಲೆಕ್ಕ ಹಿಡಿದರೆ, ನೂರು ಕಿಲೋಮೀಟರ್ ಓಡಬಹುದು. ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಅದೇ ಆಸರೆ. ಹೆಚ್ಚಿನ ಕಾರುಗಳಲ್ಲಿ ಇಷ್ಟು ಪರ್ಸೆಂಟ್‌ಗೆ ಇಳಿದರೆ ಕರೆಂಟ್ ಕೊಡುವುದನ್ನು ನಿಲ್ಲಿಸು ಎಂದು ಪರದೆಯಲ್ಲೇ ಹೇಳಿಡಬಹುದು. ಅದನ್ನು ಮರೆಯದೇ ಹೊಂದಿಸಿ.

ವೈರ್‌ನಲ್ಲಿ ಜಿಪುಣತನ ಬೇಡ

230 ವೋಲ್ಟ್‌ನಲ್ಲಿ 3.6 ಕಿಲೋವ್ಯಾಟ್ ಅಂದರೆ ಹತ್ತಿರ ಹತ್ತಿರ 16 ಆಂಪಿಯರ್. ಟಿವಿ ಹಿಂದೆ ಹಾಕುವ ತೆಳು ಎಕ್ಸ್‌ಟೆನ್ಷನ್ ಬೋರ್ಡ್ ಇದನ್ನು ತಡೆಯುವುದಿಲ್ಲ. 2.5 ಚದರ ಮಿಲಿಮೀಟರ್ ತಾಮ್ರದ ವೈರ್, 16 ಆಂಪಿಯರ್ ಪ್ಲಗ್, ಅರ್ಥಿಂಗ್ ಇರುವ ಮೂರು ಪಿನ್, ಹೊರಾಂಗಣಕ್ಕೆ ತಕ್ಕ ಗಟ್ಟಿ ರಬ್ಬರ್ ಹೊದಿಕೆ, ಇಷ್ಟು ಬೇಕೇ ಬೇಕು. ಬೇಕಾದಷ್ಟೇ ಉದ್ದದ್ದು ತನ್ನಿ. ಒಂದಕ್ಕೆ ಇನ್ನೊಂದು ಎಕ್ಸ್‌ಟೆನ್ಷನ್ ಜೋಡಿಸಿ ಉದ್ದ ಮಾಡಬೇಡಿ. ಸುತ್ತುವ ರೀಲ್ ಆಗಿದ್ದರೆ ಬಳಸುವಾಗ ಪೂರ್ತಿ ಬಿಚ್ಚಿ ಹರಡಿ. ಸುತ್ತಿದ ವೈರ್‌ನ ಬಿಸಿ ಹೊರಗೆ ಹೋಗುವುದಿಲ್ಲ, ಒಳಗೊಳಗೇ ಕರಗಿ ಬೆಂಕಿ ಹತ್ತಬಹುದು.

ಮಳೆಗಾಲದಲ್ಲೇ ಕರೆಂಟ್ ಜಾಸ್ತಿ ಹೋಗುವುದು. ಹಾಗಾಗಿ ಅಡಾಪ್ಟರ್ ಮತ್ತು ಪ್ಲಗ್ ಸೇರುವ ಜಾಗ ನೆಲಕ್ಕೆ ತಾಗದಂತೆ, ನೀರು ಬೀಳದಂತೆ ಇರಲಿ. ವೈರ್ ಬಾಗಿಲ ಸಂದಿಯಲ್ಲಿ ಜಜ್ಜಿ ಹೋಗದಂತೆ ನೋಡಿಕೊಳ್ಳಿ. ಒಂದು ನೆಮ್ಮದಿ ಏನೆಂದರೆ, ಜನರೇಟರ್‌ನಂತೆ ಇಲ್ಲಿ ಹೊಗೆ ಇಲ್ಲ. ಕಾರ್ಬನ್ ಮೊನಾಕ್ಸೈಡ್ ಭಯವಿಲ್ಲದೆ ಗ್ಯಾರೇಜ್‌ನಲ್ಲೇ ನಿಲ್ಲಿಸಿ ಬಳಸಬಹುದು.

ಗೋಡೆಯ ಸಾಕೆಟ್‌ಗೆ ಕಾರಿನ ಕರೆಂಟ್ ಕೊಡಲೇಬೇಡಿ

ದಯವಿಟ್ಟು ಇದನ್ನು ಎರಡು ಸಲ ಓದಿ. ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿ, ಒಂದನ್ನು ಕಾರಿಗೂ ಇನ್ನೊಂದನ್ನು ಗೋಡೆಯ ಸಾಕೆಟ್‌ಗೂ ಸಿಕ್ಕಿಸಿದರೆ ಇಡೀ ಮನೆಗೆ ಕರೆಂಟ್ ಬರುತ್ತದೆ ಎಂಬ ಉಪಾಯ ಬಾಯಿಂದ ಬಾಯಿಗೆ ಓಡಾಡುತ್ತದೆ. ಹೌದು, ಮನೆಗೆ ಬರುತ್ತದೆ. ಜೊತೆಗೆ ಮೀಟರ್ ದಾಟಿ ಬೀದಿಯ ಲೈನ್‌ಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವ ಯಂತ್ರ. ಸಾವಿರಾರು ವೋಲ್ಟ್ ಇಳಿಸಿ ನಿಮಗೆ ಕೊಡುವ ಅದೇ ಯಂತ್ರ, ನಿಮ್ಮ ಮನೆಯಿಂದ ಹೋದದ್ದನ್ನು ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಅಲ್ಲಿ ಜೀವ ಕಳೆದುಕೊಳ್ಳಬಹುದು. ನಮಗೆ ಕರೆಂಟ್ ಕೊಡಲೆಂದೇ ಮಳೆಯಲ್ಲಿ ನಿಂತ ಮನುಷ್ಯ ಅವನು. ಇನ್ನು ಆ ವೈರ್‌ನ ಬಿಚ್ಚಿದ ಪಿನ್ ಮುಟ್ಟಿದವರಿಗೂ ನೇರ ಶಾಕ್. ಕರೆಂಟ್ ವಾಪಸ್ ಬಂದ ಗಳಿಗೆಯಲ್ಲಿ ಎರಡು ಕಡೆಯ ಕರೆಂಟ್ ಡಿಕ್ಕಿ ಹೊಡೆದು ಕಾರಿನ ಎಲೆಕ್ಟ್ರಾನಿಕ್ಸ್ ಸುಡುತ್ತದೆ.

ಮೇನ್ ಸ್ವಿಚ್ ಆಫ್ ಮಾಡಿದರೆ ಸಾಲದಾ ಎಂದು ಕೇಳುತ್ತಾರೆ. ಸಾಲದು. ಕತ್ತಲಲ್ಲಿ, ಗಡಿಬಿಡಿಯಲ್ಲಿ, ಮನೆಯ ಇನ್ನೊಬ್ಬರು ಗೊತ್ತಿಲ್ಲದೆ ಅದನ್ನು ಆನ್ ಮಾಡಿದರೆ ಏನು ಗತಿ?

ಮನೆಯ ಸ್ವಿಚ್‌ಗಳಿಂದಲೇ ದೀಪ ಹತ್ತಬೇಕು ಅನ್ನುವವರಿಗೆ ಸರಿಯಾದ ದಾರಿ ಚೇಂಜ್‌ಓವರ್ ಸ್ವಿಚ್. ಒಂದು ಕಡೆ ಲೈನ್, ಇನ್ನೊಂದು ಕಡೆ ಕಾರು, ನಡುವೆ ಆಫ್. ಎರಡೂ ಒಟ್ಟಿಗೆ ಸೇರಲು ಅದರ ಒಳಗಿನ ರಚನೆಯೇ ಬಿಡುವುದಿಲ್ಲ. ಫೇಸ್ ಜೊತೆ ನ್ಯೂಟ್ರಲ್ ಕೂಡ ಬದಲಾಗುವಂಥ ಸ್ವಿಚ್ ಬೇಕೋ, ಅರ್ಥಿಂಗ್ ಹೇಗಿರಬೇಕು, ಶಾಕ್ ತಡೆಯುವ ಆರ್‌ಸಿಸಿಬಿ ಕಾರಿನ ಕರೆಂಟ್‌ನಲ್ಲೂ ಸರಿಯಾಗಿ ಟ್ರಿಪ್ ಆಗುತ್ತದಾ, ಇವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಪರೀಕ್ಷಿಸಿಯೇ ಹೇಳಬೇಕು. ವಿ2ಎಲ್ ಅನ್ನು ಮನೆಯ ವೈರಿಂಗ್‌ಗೆ ಸೇರಿಸಲು ಎಷ್ಟೋ ಕಾರು ಕಂಪನಿಗಳು ಒಪ್ಪುವುದೇ ಇಲ್ಲ. ವಾರಂಟಿ ಓದಿಯೇ ಮುಂದುವರಿಯಿರಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಇನ್‌ಪುಟ್ ಪ್ಲಗ್ ಅನ್ನು ಗೋಡೆಯಿಂದ ಕಿತ್ತು ಕಾರಿನ ವೈರ್‌ಗೆ ಕೊಡಬಹುದಲ್ಲ ಎಂದು ಹೊಳೆಯುವುದು ಸಹಜ. ಒಳ್ಳೆಯ ಯೋಚನೆಯೇ. ಆದರೆ ಹಲವು ಮನೆಗಳಲ್ಲಿ ಇನ್ವರ್ಟರ್ ಲೈನ್‌ಗೂ ಬೀದಿಯ ಲೈನ್‌ಗೂ ಒಂದೇ ನ್ಯೂಟ್ರಲ್ ಇರುತ್ತದೆ. ಅದನ್ನು ಬೇರೆ ಮಾಡಿಸದೆ ಈ ಪ್ರಯೋಗ ಬೇಡ.

ಚಾವಣಿಯಲ್ಲಿ ಸೋಲಾರ್ ಇರುವವರಿಗೂ ಒಂದು ಮಾತು. ಗ್ರಿಡ್‌ಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಅದು ಲೈನ್‌ಮನ್ ಸುರಕ್ಷತೆಗಾಗಿಯೇ ಇಟ್ಟ ವ್ಯವಸ್ಥೆ. ಕಾರಿನ ಕರೆಂಟ್ ತೋರಿಸಿ ಅದನ್ನು ಏಮಾರಿಸಲು ಹೋಗಬೇಡಿ. ಮಿಕ್ಕಿದ ಬಿಸಿಲಿನ ಕರೆಂಟ್ ಉಲ್ಟಾ ಕಾರಿಗೆ ನುಗ್ಗಿ ವಿ2ಎಲ್ ಹಾಳಾಗಬಹುದು.

ಪೂರ್ತಿ ಮನೆ ಬೇಕೆಂದರೆ

ಆಗ ವಿ2ಎಚ್. ಇದಕ್ಕೆ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವ ಚಾರ್ಜರ್ ಬೇಕು, ಕರೆಂಟ್ ಹೋದಾಗ ಮನೆಯನ್ನು ಲೈನ್‌ನಿಂದ ತಾನೇ ಬಿಡಿಸುವ ಪೆಟ್ಟಿಗೆ ಬೇಕು, ವಿದ್ಯುತ್ ಕಂಪನಿಯ ಅನುಮತಿ ಬೇಕಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಆ ಚಾರ್ಜರ್‌ಗೂ ನಿಮ್ಮ ಕಾರಿಗೂ ಹೊಂದಾಣಿಕೆ ಇರಬೇಕು. ಚಾಡೆಮೊ ಎಂಬ ಜಪಾನಿ ಬಗೆಯ ಚಾರ್ಜಿಂಗ್ ಕನೆಕ್ಟರ್ ಇರುವ ಕಾರುಗಳಲ್ಲಿ ಇದು ಬಹಳ ವರ್ಷಗಳಿಂದ ಇದೆ. ಈಗ ಹೆಚ್ಚು ಕಾಣುವ, ಸಿಸಿಎಸ್ ಎಂಬ ಇನ್ನೊಂದು ಬಗೆಯ ಕನೆಕ್ಟರ್ ಇರುವ ಕಾರುಗಳಿಗೆ ಇದನ್ನು ಹೇಳುವ ಐಎಸ್‌ಒ 15118-20 ಮಾನದಂಡ ಬಂದದ್ದೇ 2022ರಲ್ಲಿ. ಕರೆಂಟ್ ಆಗೊಮ್ಮೆ ಈಗೊಮ್ಮೆ ಹೋಗುವ ಮನೆಗೆ ವಿ2ಎಲ್ ಮತ್ತು ಒಂದು ಒಳ್ಳೆಯ ವೈರ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕರೆಂಟ್ ಇರುವಾಗಲೇ ಒಮ್ಮೆ ಮಾಡಿ ನೋಡಿ

ಒಂದು ಬಿಡುವಿನ ಹಗಲು ಆರಿಸಿಕೊಳ್ಳಿ. ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮಿತಿ ಹೊಂದಿಸಿ, ವಿ2ಎಲ್ ಆನ್ ಮಾಡಿ. ಮೊದಲು ಫ್ರಿಜ್ ಒಂದನ್ನೇ ಸಿಕ್ಕಿಸಿ. ಅದು ಸರಿಯಾಗಿ ಶುರುವಾದ ಮೇಲೆ ಉಳಿದವನ್ನು ಒಂದೊಂದಾಗಿ ಸೇರಿಸಿ. ಕಾರಿನ ಪರದೆಯಲ್ಲಿ ಎಷ್ಟು ವ್ಯಾಟ್ ಹೋಗುತ್ತಿದೆ ಅಂತ ಬರೆದುಕೊಳ್ಳಿ. ಒಂದು ಗಂಟೆ ಬಿಟ್ಟು ಪ್ಲಗ್‌ನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ವೈರ್ ಅಥವಾ ಪ್ಲಗ್ ಬದಲಾಯಿಸಲೇಬೇಕು. ಏನೂ ಸಿಕ್ಕಿಸದೆ ವಿ2ಎಲ್ ಹಾಕಿಟ್ಟು ಎರಡು ಮೂರು ಗಂಟೆಗೆ ಚಾರ್ಜ್ ಎಷ್ಟು ಇಳಿಯಿತು ನೋಡಿದರೆ ಕಾರಿನ ಸ್ವಂತ ಖರ್ಚೂ ತಿಳಿಯುತ್ತದೆ. ಕಾರು ಓಡಿಸದವರೂ ಸೇರಿ ಮನೆಯ ದೊಡ್ಡವರೆಲ್ಲ ಇದನ್ನು ಕಲಿತಿರಲಿ.

ಬ್ಯಾಟರಿ ಸವೆಯುತ್ತದೆ ಅನ್ನುವ ಅಳುಕು ತುಂಬ ಜನಕ್ಕಿದೆ. ಹೆದ್ದಾರಿಯಲ್ಲಿ ಓಡುವಾಗ ಅದೇ ಬ್ಯಾಟರಿ 15ರಿಂದ 20 ಕಿಲೋವ್ಯಾಟ್ ಕೊಡುತ್ತಿರುತ್ತದೆ. ಮನೆಯ ಅರ್ಧ ಕಿಲೋವ್ಯಾಟ್ ಅದಕ್ಕೆ ಭಾರವೇ ಅಲ್ಲ.

ಮನೆಯಲ್ಲಿ ಆಕ್ಸಿಜನ್ ಕಾನ್ಸೆಂಟ್ರೇಟರ್‌ನಂಥ ಯಂತ್ರದ ಮೇಲೆ ಬದುಕುತ್ತಿರುವವರು ಇದ್ದರೆ ಕಾರನ್ನು ಮೊದಲ ಆಸರೆ ಮಾಡಿಕೊಳ್ಳಬೇಡಿ. ಕರೆಂಟ್ ಹೋದಾಗ ಕಾರು ಮನೆಯಲ್ಲೇ ಇರುತ್ತದೆ ಎಂಬ ಖಾತ್ರಿ ಇಲ್ಲ. ವೈರ್ ಎಳೆಯಲೂ ಹೊತ್ತು ಬೇಕು. ಯಂತ್ರಕ್ಕೆ ಅದರದ್ದೇ ಯುಪಿಎಸ್, ಒಂದು ಸಿಲಿಂಡರ್ ಪಕ್ಕದಲ್ಲೇ ಇರಲಿ. ಆ ಯುಪಿಎಸ್ ಅನ್ನು ಮತ್ತೆ ಮತ್ತೆ ತುಂಬಿಸಲು ಕಾರು ಬಳಸಿ.

ಕರೆಂಟ್ ಬಂದ ಮೇಲೆ

ಕೂಡಲೇ ಎಲ್ಲ ಬದಲಾಯಿಸಬೇಡಿ. ಹತ್ತು ನಿಮಿಷ ಕಾಯಿರಿ, ಬಂದದ್ದು ಮತ್ತೆ ಹೋಗುವುದುಂಟು. ಆಮೇಲೆ ಉಪಕರಣಗಳ ಸ್ವಿಚ್ ಆರಿಸಿ, ಕಾರಿನಲ್ಲಿ ವಿ2ಎಲ್ ನಿಲ್ಲಿಸಿ, ಕೊನೆಗೆ ಅಡಾಪ್ಟರ್ ತೆಗೆಯಿರಿ. ಫ್ರಿಜ್ ಅನ್ನು ಗೋಡೆಯ ಸಾಕೆಟ್‌ಗೆ ಹಾಕುವ ಮೊದಲು ಐದು ನಿಮಿಷ ಬಿಡಿ, ಇಲ್ಲದಿದ್ದರೆ ಕಂಪ್ರೆಸರ್‌ಗೆ ಪೆಟ್ಟು. ವೈರ್ ಒರೆಸಿ ಒಣಗಿಸಿ, ಪ್ಲಗ್ ಪಿನ್‌ಗಳಲ್ಲಿ ಕಪ್ಪು ಕಲೆ ಇದೆಯಾ ನೋಡಿ, ಅಡಾಪ್ಟರ್ ಜೊತೆಗೇ ಒಂದು ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿಡಿ. ಮಳೆ, ಗಾಳಿಯ ಮುನ್ಸೂಚನೆ ಇನ್ನೂ ಇದ್ದರೆ ಕಾರನ್ನು ಅದೇ ರಾತ್ರಿ ಪೂರ್ತಿ ಚಾರ್ಜ್‌ಗೆ ಹಾಕಿ.